ಕೆರೆದ ಬೆನ್ನು

ವಾರ್ಸಿನಾ ಅಜ್ಜಿ ಒಂದಲ್ಲ ಒಂದು ದಿನ ನನ್ನ ಕೋಣೆಯ ಕುರ್ಚಿಯಲ್ಲಿ ಬಂದು ಕೂರಲೇಬೇಕು ಎಂದು ನನಗೆ ಗೊತ್ತಿತ್ತು. ಅದಕ್ಕೆಂದೇ ಈ ಊರಿನ ಆರೋಗ್ಯ ಕೇಂದ್ರವನ್ನು ಕೇಳಿ ಹಾಕಿಸಿಕೊಂಡು ಬಂದಿದ್ದೆ. ಜೊತೆಯಲ್ಲಿ ಓದಿದವರೆಲ್ಲ ಸುರಬಾಯಾ, ಜಕಾರ್ತಾ ಎಂದು ಹೊರಟಾಗ, "ನಿನಗೇನು ತಲೆ ಕೆಟ್ಟಿದ್ಯಾ ವುರ್ಯಾನಿ? ಆ ಕಬ್ಬಿನ ಗದ್ದೆ ಮಧ್ಯೆ ಕೂತ್ಕೊಂಡು ಮುದುಕರ ಕೆಮ್ಮು ಕೇಳ್ತೀಯಾ?" ಎಂದು ನಕ್ಕರು. ಹುಟ್ಟಿದೂರಿನ ಸೇವೆ ಎಂದು ಹೇಳಿದೆ. ಹಾಗೆ ಹೇಳಿದರೆ ಯಾರೂ ಮುಂದಕ್ಕೆ ಪ್ರಶ್ನೆ ಕೇಳುವುದಿಲ್ಲ.

ಮನೆಮಂದಿಗೆಲ್ಲ ಮದ್ದು ಕೊಡುವ ಡಾಕ್ಟರಾಗಿ ಕೂತವರಿಗೆ ಒಂದು ಅನುಕೂಲವಿದೆ. ಹೃದಯದ ಡಾಕ್ಟರ ಹತ್ತಿರ ಹೃದಯ ಕೆಟ್ಟವರು ಮಾತ್ರ ಹೋಗುತ್ತಾರೆ, ಕಣ್ಣಿನವರ ಹತ್ತಿರ ಕಣ್ಣು ಮಂಜಾದವರು ಹೋಗುತ್ತಾರೆ. ನಮ್ಮ ಹತ್ತಿರ ಎಲ್ಲರೂ ಬರಬೇಕು. ಉಪ್ಪುಮೀನು ಬಿಡದವರಿಗೆ ಬಿಪಿ ಬರುತ್ತದೆ, ಲೋಟದ ತಳದಲ್ಲಿ ಸಕ್ಕರೆ ನಿಲ್ಲುವಂತೆ ಚಹಾ ಕುಡಿಯುವವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಗದ್ದೆಯಲ್ಲಿ ಬಗ್ಗಿದವರಿಗೆ ಮಂಡಿ ಹಿಡಿಯುತ್ತದೆ. ಅಜ್ಜಿಗೆ ಅರುವತ್ತು ದಾಟಿತ್ತು. ಅವಳ ವಿಮೆ ಕಾರ್ಡು ನನ್ನ ಕೇಂದ್ರಕ್ಕೇ ಸೇರಿತ್ತು. ಆದರೂ ಮೂರು ವರ್ಷ ನನ್ನನ್ನು ತಪ್ಪಿಸಿಕೊಂಡೇ ತಿರುಗಿದಳು. ಸಂತೆ ಹತ್ತಿರ ಮನೆಯಲ್ಲೇ ಸೂಜಿ ಚುಚ್ಚುತ್ತಿದ್ದ ಕಾಂಪೌಂಡರ್ ಕಾರ್ಮಿನ್ ಹತ್ತಿರ ಹೋಗುತ್ತಿದ್ದಳು. ಆ ಕಾರ್ಮಿನ್ ಕೈ ನಡುಗುತ್ತದೆಂದು ಬಾಗಿಲು ಮುಚ್ಚಿ ಮಗಳ ಮನೆಗೆ ಹೋದ ಸುದ್ದಿ ಬಂದ ದಿನ ನಾನು ಇನ್ನೊಂದು ಬಟ್ಟಲು ಕೋಳಿಸಾರು ಹಾಕಿಸಿಕೊಂಡು ಉಂಡೆ.

ನನ್ನ ಅಕ್ಕ ಕಿನಾಸಿ ಈ ಅಜ್ಜಿಯ ಹಿರಿ ಸೊಸೆ. ನಾನು ಯೋಗ್ಯಾ ನಗರದಲ್ಲಿ ಡಾಕ್ಟರಿಕೆ ಓದಲು ಸೇರಿದ ವರ್ಷ ಅಕ್ಕನಿಗೆ ಏಳು ತಿಂಗಳಾಗಿತ್ತು. ತಲೆನೋವು, ಕಾಲು ಊತ, ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ. ಹೆರಿಗೆ ನರ್ಸಮ್ಮ ಮನೆಗೇ ಬಂದು ಬಿಪಿ ನೋಡಿ, ಆಸ್ಪತ್ರೆಗೆ ಹೊರಡಿಸಿ ಎಂದಿದ್ದಳು. "ತಲೆನೋವಿಗೆಲ್ಲ ಆಸ್ಪತ್ರೇನಾ? ನಾನು ಐದು ಹೆತ್ತಿದೀನಿ. ಮೈಯೊಳಗೆ ಗಾಳಿ ಸೇರ್ಕೊಂಡಿದೆ ಅಷ್ಟೆ" ಎಂದು ಅಜ್ಜಿ ಅವಳನ್ನು ವಾಪಸು ಕಳಿಸಿದಳು. ಆಮೇಲೆ ಅಕ್ಕನನ್ನು ಬೆನ್ನು ತಿರುಗಿಸಿ ಕೂರಿಸಿ, ಬೆನ್ನಿಗೆ ಎಣ್ಣೆ ಹಚ್ಚಿ, ಹಳೇ ನಾಣ್ಯದಿಂದ ಕೆರೆದಳು. ನಮ್ಮಲ್ಲಿ ನೆಗಡಿಗೂ ಅದೇ, ಹೊಟ್ಟೆನೋವಿಗೂ ಅದೇ. ಗೆರೆ ಕೆಂಪಾದಷ್ಟೂ ಗಾಳಿ ಹೊರಗೆ ಬಂತು ಎಂದು ಲೆಕ್ಕ. ಬೆಳಗಿನ ಜಾವ ಅಕ್ಕನಿಗೆ ಫಿಟ್ಸ್ ಬಂತು. ಹೊಟ್ಟೆಯಲ್ಲಿದ್ದ ಮಗುವನ್ನೂ ಕರೆದುಕೊಂಡು ಹೋದಳು.

ನಾನು ಬಸ್ಸಿಳಿದು ಓಡಿ ಬಂದಾಗ ಹೆಂಗಸರು ಅವಳಿಗೆ ಸ್ನಾನ ಮಾಡಿಸುತ್ತಿದ್ದರು. ನೀರು ಹೊಯ್ಯಲು ನನ್ನ ಕೈಗೂ ಚೊಂಬು ಕೊಟ್ಟರು. ಮಗ್ಗುಲಿಗೆ ಹೊರಳಿಸಿದಾಗ ಬೆನ್ನು ಕಂಡಿತು. ಕತ್ತಿನಿಂದ ಸೊಂಟದವರೆಗೆ ಮೀನಿನ ಮುಳ್ಳಿನ ಹಾಗೆ ಕೆಂಪು ಗೆರೆ. ಅಜ್ಜಿ ಮೂಲೆಯಲ್ಲಿ ಕೂತು, ದೇವರು ಕೊಟ್ಟಿದ್ದ, ದೇವರೇ ತಗೊಂಡ ಎಂದು ಅಳುತ್ತಿದ್ದಳು. ಬಂದವರೆಲ್ಲ ನನ್ನ ಬೆನ್ನು ಸವರಿ, ಆದದ್ದನ್ನು ಮನಸಾರೆ ಒಪ್ಪಿಕೋ ಎಂದರು. ಆಗಲಿ ಎಂದು ತಲೆ ಆಡಿಸಿದೆ. ಒಪ್ಪಿಕೊಳ್ಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಒಂದು ಗಳಿಗೆಯೂ ಒಪ್ಪಿಕೊಂಡಿಲ್ಲ.

ಅಜ್ಜಿ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಹೊರಗೆ ಬೆಂಚುಗಳು ತುಂಬಿದ್ದವು. ನನ್ನ ನರ್ಸ್ ನಸ್ತಿತಿ ಹೆಸರು ಕೂಗಿದಳು. ಕಂದು ಬಾತಿಕ್ ಬಟ್ಟೆ ಸುತ್ತಿಕೊಂಡು, ಎಲೆ ಅಡಿಕೆಯ ಬಾಯಿ ಒರೆಸಿಕೊಳ್ಳುತ್ತ ಅಜ್ಜಿ ಒಳಗೆ ಬಂದಳು. ಹಿಂದೆಯೇ ಚಪ್ಪಲಿ ಎಳೆಯುತ್ತ ಪಂಗೇಸ್ತಿ ಬಂದಳು. ಅಕ್ಕ ಸತ್ತ ಎಷ್ಟೋ ವರ್ಷದ ಮೇಲೆ ಭಾವ ಹಾರ್ತೊಯೊ ಕಟ್ಟಿಕೊಂಡ ಹೆಂಡತಿ. ಭಾವ ಈಗ ಕಡಲಾಚೆಯ ಕಾಲಿಮಂತಾನ್‌ನಲ್ಲಿ ತಾಳೆಹಣ್ಣಿನ ಲಾರಿ ಓಡಿಸುತ್ತಾನೆ. ಈ ಹುಡುಗಿಗೂ ಹೊಟ್ಟೆ ಮುಂದೆ ಬಂದಿತ್ತು. ಆದರೆ ನಾನು ಅವಳನ್ನು ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣೆಲ್ಲ ಮುದುಕಿಯ ಮೇಲೇ ಇತ್ತು.

"ಕೂತ್ಕೊಳ್ಳಿ ಅಜ್ಜಿ. ಹೇಗಿದೀರಾ?" ಎಂದೆ. ನಮ್ಮ ಜಾವಾದವರ ಮರ್ಯಾದೆ ಹಾಗೆ. ಕತ್ತು ಹಿಸುಕಬೇಕು ಅನಿಸಿದರೂ ಮೊದಲು ಕುರ್ಚಿ ಕೊಡುತ್ತೇವೆ.

"ಇದೀನಿ ಡಾಕ್ಟರಮ್ಮ, ನಿಮ್ಮ ಆಶೀರ್ವಾದ," ಎಂದಳು, ನನ್ನ ಮೇಜಿನ ಕಾಲು ನೋಡುತ್ತ. "ಏನಿಲ್ಲ, ಗಾಳಿ ಸೇರಿದೆ. ಕತ್ತಿನ ಹಿಂದೆ ಒರಳುಕಲ್ಲು ಇಟ್ಟ ಹಾಗಾಗಿದೆ. ಒಂದು ಸೂಜಿ ಹಾಕ್ಬಿಡಿ, ಹೋಗ್ತೀನಿ. ಕಾರ್ಮಿನ್ ಹಾಕ್ತಿದ್ನಲ್ಲ, ಆ ಕೆಂಪಂದು."

"ಹಳದಿ ಇದೆ ಅಜ್ಜಿ, ಅದು ಆಗಲ್ವಾ?" ನಸ್ತಿತಿ ರೇಗಿಸಿದಳು.

"ಹಳದಿ ನೀನೇ ಹಾಕ್ಕೋ ಹೋಗೇ. ಚುಚ್ಚಿದ್ದೆಲ್ಲ ಉಚ್ಚೇಲಿ ಹೋಗುತ್ತೆ. ಕೆಂಪಾದ್ರೆ ರಕ್ತಕ್ಕೆ ಸೇರುತ್ತೆ."

ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದೆ. ಇನ್ನೂರ ಹತ್ತು. ಕೆಳಗಿನದು ನೂರ ಹದಿನೈದು. ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೋಳಿಗೆ ಸುತ್ತಿ ನೋಡಿದೆ. ಅಷ್ಟೇ ಬಂತು. ನನ್ನ ಎದೆ ಹಬ್ಬದ ಮನೆಯಂತಾಯಿತು, ಮುಚ್ಚಿಟ್ಟು ಏನು ಮಾಡಲಿ. ಈ ಬಿಪಿಯಲ್ಲಿ ಮೆದುಳಿನ ನರ ಯಾವತ್ತು ಬೇಕಾದರೂ ಒಡೆಯಬಹುದು. ಒಲೆ ಊದುವಾಗ, ಬಚ್ಚಲಲ್ಲಿ, ನಮಾಜಿಗೆ ಬಗ್ಗಿದಾಗ. ನಾನು ವಿಷ ಹಾಕಬೇಕಿಲ್ಲ, ಕೈ ಎತ್ತಬೇಕಿಲ್ಲ. ಅವಳು ಕೇಳಿದ ಕೆಂಪು ವಿಟಮಿನ್ ಸೂಜಿ ಕೊಟ್ಟು, ಬಿಪಿಯ ಮಾತೆತ್ತದೆ ಕಳಿಸಿದರೆ ಸಾಕು. ಹಿರಿಯರ ಮಾತಿಗೆ ಎದುರಾಡಬಾರದೆಂದು ನಮಗೆ ತೊಟ್ಟಿಲಿಂದ ಕಲಿಸಿರುತ್ತಾರಲ್ಲ.

"ಹೌದಜ್ಜಿ, ಗಾಳಿನೇ," ಎಂದೆ. "ನಸ್ತಿತಿ, ಕೆಂಪು ಸೂಜಿ ತಗೊಂಡು ಬಾ."

ನಸ್ತಿತಿ ಬಿಪಿ ಯಂತ್ರ ನೋಡಿದಳು, ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ. ಅವಳು ಅನುಮಾನಿಸುತ್ತಲೇ ಪೆಟ್ಟಿಗೆ ತೆಗೆದಳು.

"ನೋಡಿದ್ಯಾ ಮಗಾ?" ಅಜ್ಜಿ ಸೊಸೆಯ ಕಡೆ ತಿರುಗಿ ಹಿಗ್ಗಿದಳು. "ನೀನು ಹೆದರ್ಕೊಂಡಿದ್ದೆ. ಡಾಕ್ಟ್ರು ಅಂದ್ರೆ ಹೀಗಿರ್ಬೇಕು. ಬಿಪಿ ಗಿಪಿ ಅಂತ ಹೆದರಿಸಲ್ಲ. ಬಾ, ಬಟ್ಟೆ ಹಿಡ್ಕೊ."

ಪಂಗೇಸ್ತಿ ಬಗ್ಗಿ ಅಜ್ಜಿಯ ಬಟ್ಟೆ ಸರಿಸಿದಳು. ಅಜ್ಜಿಯ ಬೆನ್ನೂ ಕೆರೆದೇ ಇತ್ತು. ಅದನ್ನು ನೋಡಿ ಖುಷಿಪಡುತ್ತಿದ್ದಾಗ ಆ ಹುಡುಗಿಯ ಕೈ ನನ್ನ ಕಣ್ಣಿಗೆ ಬಿತ್ತು. ಬೆರಳುಗಳು ಬಾತು ಬಾಳೆಹಣ್ಣಿನಂತಾಗಿದ್ದವು. ಮದುವೆ ಉಂಗುರ ಬೆರಳಲ್ಲಿರಲಿಲ್ಲ. ಕರಿ ದಾರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಂಡಿದ್ದಳು, ಬಗ್ಗಿದಾಗ ಅದು ಹೊರಗೆ ಬಂದು ತೂಗುತ್ತಿತ್ತು. ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಉಂಗುರ ಯಾಕಮ್ಮ ಕತ್ತಿಗೆ ಹಾಕ್ಕೊಂಡಿದೀಯ?"

"ಬೆರಳಿಗೆ ಹೋಗ್ತಾ ಇಲ್ಲ ಡಾಕ್ಟರಮ್ಮ. ಹೋದ ವಾರದಿಂದ."

"ತಲೆ ನೋಯುತ್ತಾ?"

ಹುಡುಗಿ ಅತ್ತೆಯ ಮುಖ ನೋಡಿದಳು. ಉತ್ತರ ಅಜ್ಜಿಯದೇ ಬಂತು. "ಅವಳಿಗೂ ಗಾಳಿನೇ. ನಾನು ದಿನಾ ಕೆರೀತಿದೀನಿ. ಒಂದೇ ಒಂದು ದಿನ ತಪ್ಪಿಸಿಲ್ಲ."

ನಾನು ಎದ್ದು ಪಂಗೇಸ್ತಿಯನ್ನು ನನ್ನ ಕುರ್ಚಿಯಲ್ಲೇ ಕೂರಿಸಿದೆ. ಬಿಪಿ ನೂರ ಎಪ್ಪತ್ತಕ್ಕೆ ನೂರ ಹತ್ತು. ಮಂಡಿಗೆ ಮೆಲ್ಲಗೆ ತಟ್ಟಿದರೆ ಕಾಲು ಒದ್ದ ಹಾಗೆ ಹಾರಿತು. ಉಚ್ಚೆ ಹಿಡಿಸಿ ಪರೀಕ್ಷೆಯ ಕಾಗದ ಅದ್ದಿದೆ, ಹಸಿರಿಗೆ ತಿರುಗಿತು, ಪ್ರೋಟೀನು ಸೋರುತ್ತಿತ್ತು. ಕಣ್ಣ ಮುಂದೆ ಏನಾದರೂ ಹೊಳೆಯುತ್ತದೆಯೇ ಎಂದು ಕೇಳಿದೆ. "ಮಿಂಚುಹುಳ ಹಾರಾಡಿದ ಹಾಗೆ" ಎಂದಳು. ತಲೆವಸ್ತ್ರ ಸರಿಸಿ ನೋಡಿದೆ. ಕತ್ತಿನಿಂದ ಕೆಳಗೆ ಗೆರೆಯ ಮೇಲೆ ಗೆರೆ, ಹಳೆಯದು ಒಣಗುವ ಮೊದಲೇ ಹೊಸದು. ಅಕ್ಕನೇ ಮತ್ತೆ ಬಂದು ಆ ಕುರ್ಚಿಯಲ್ಲಿ ಕೂತಿದ್ದಳು, ಈ ಸಲ ಉಸಿರಾಡುತ್ತಿದ್ದಳು.

"ಅಜ್ಜಿ, ಇದು ಗಾಳಿ ಅಲ್ಲ. ಬಸುರಿಯರಿಗೆ ಬರೋ ಬಿಪಿ. ಇವಳು ಈಗ್ಲೇ ಜಿಲ್ಲಾ ಆಸ್ಪತ್ರೆಗೆ ಹೋಗ್ಬೇಕು. ತಡ ಆದ್ರೆ ಫಿಟ್ಸ್ ಬರುತ್ತೆ."

ಅಜ್ಜಿ ನಕ್ಕಳು. "ಈಗ ತಾನೇ ನೀವೇ ಗಾಳಿ ಅಂದ್ರಿ!"

"ಅದು ನಿಮಗೆ ಅಂದದ್ದು."

"ನನಗೂ ಕತ್ತು ನೋವು, ಇವಳಿಗೂ ಕತ್ತು ನೋವು. ನನಗೂ ತಲೆಭಾರ, ಇವಳಿಗೂ ತಲೆಭಾರ. ನನ್ನದಾದ್ರೆ ಗಾಳಿ, ಇವಳದಾದ್ರೆ ಆಸ್ಪತ್ರೆ. ಇದ್ಯಾವ ನ್ಯಾಯ ಡಾಕ್ಟರಮ್ಮ? ಮಗ ಕಾಲಿಮಂತಾನ್‌ನಲ್ಲಿದಾನೆ. ಅವನನ್ನ ಕೇಳ್ದೆ ನಾನು ಹೊಟ್ಟೆ ಕುಯ್ಸೋಕೆ ಕಳಿಸ್ಲಾ? ಇವಳಿಗೂ ಒಂದು ಕೆಂಪು ಸೂಜಿ ಹಾಕಿ, ಮನೆಗೆ ಹೋಗಿ ನಾನು ಕೆರೀತೀನಿ."

"ಪಂಗೇಸ್ತಿ, ನೀನು ಹೇಳು. ಜೀವ ನಿಂದು. ಹೋಗ್ತೀಯಾ?"

"ಅಮ್ಮ ಹೋಗು ಅಂದ್ರೆ ಹೋಗ್ತೀನಿ," ಎಂದಳು ಹುಡುಗಿ. ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ಅಲ್ಲಿಗೆ ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಮುದುಕಿಯನ್ನು ಸಾಯಿಸಲು ಹೇಳಿದ ಮಾತು ಈ ಹುಡುಗಿಯ ಕತ್ತಿಗೆ ಬಂದು ಕೂತಿತ್ತು. ಸುಳ್ಳನ್ನು ಹಾಗೇ ಇಟ್ಟುಕೊಂಡರೆ ಎರಡೂ ಹೆಣ ಬೀಳುತ್ತವೆ. ಹುಡುಗಿ ಬೇಕಾದರೆ ಮುದುಕಿಯನ್ನು ಬಿಟ್ಟುಕೊಡಬೇಕು. ಇಷ್ಟು ವರ್ಷ ಕಾದು ಕೈಗೆ ಸಿಕ್ಕಿದ್ದನ್ನು ಬಿಡಲು ಎಷ್ಟು ಹೊಟ್ಟೆ ಉರಿಯಿತು ಎಂದು ಹೇಳಲಾರೆ. ನಸ್ತಿತಿಯ ಕೈಯಿಂದ ಸೂಜಿ ಕಿತ್ತು ಕಸದ ಡಬ್ಬಿಗೆ ಎಸೆದೆ. ಬಿಪಿ ಯಂತ್ರವನ್ನು ಅಜ್ಜಿಯ ಮುಖದ ಮುಂದೆ ಇಟ್ಟೆ.

"ನಿನ್ನ ಬಿಪಿ ಇನ್ನೂರ ಹತ್ತು. ನಿನಗೂ ಗಾಳಿ ಇಲ್ಲ. ನಾನು ಸುಳ್ಳು ಹೇಳ್ದೆ."

ಹಿರಿಯರನ್ನು ನೀನು ಎನ್ನುವುದನ್ನು ನಮ್ಮಲ್ಲಿ ಕುಡುಕರೂ ಮಾಡುವುದಿಲ್ಲ. ನಸ್ತಿತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಜ್ಜಿ ಮೊದಲ ಸಲ ನನ್ನ ಮುಖ ನೋಡಿದಳು.

"ಯಾಕೆ ಸುಳ್ಳು ಹೇಳಿದ್ರಿ?"

"ನೀನು ಸಾಯ್ಲಿ ಅಂತ."

ಹೊರಗೆ ಯಾರದೋ ಕೂಸು ಅಳುತ್ತಿತ್ತು. ಅಜ್ಜಿ ಕೋಪ ಮಾಡಿಕೊಳ್ಳಲಿಲ್ಲ. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ, ಅದು ಬರಲಿಲ್ಲ. ಅವಳು ತೊಡೆಯ ಮೇಲಿನ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು.

"ಗೊತ್ತು ಮಗಾ," ಎಂದಳು. "ನಿನಗೆ ನನ್ನ ಮೇಲೆ ಸಿಟ್ಟಿದೆ ಅಂತ ಗೊತ್ತು. ತಪ್ಪು ನಂದೇ. ಅವತ್ತು ಕಿನಾಸಿ ಅತ್ಲು. ಸಾಕು ಅಮ್ಮ, ಉರೀತಿದೆ ಅಂದ್ಲು. ನನಗೆ ಕರುಳು ಚುರುಕ್ ಅಂತು, ಅರ್ಧಕ್ಕೇ ಬಿಟ್ಬಿಟ್ಟೆ. ಪೂರ್ತಿ ಕೆರೆದಿದ್ರೆ ಗಾಳಿ ಹೊರಗೆ ಹೋಗಿರೋದು. ಹುಡುಗಿ ಉಳೀತಿದ್ಲು. ಅದಕ್ಕೇ ಇವಳು ಅತ್ರೂ ಬಿಡಲ್ಲ ನಾನು. ಒಂದು ದಿನಾನೂ ಬಿಡಲ್ಲ."

ಇಷ್ಟು ವರ್ಷ ಇವಳು ದೇವರ ಮೇಲೆ ಹೊರಿಸಿ ಹಾಯಾಗಿ ಉಂಡು ಮಲಗಿದ್ದಾಳೆ ಎಂದು ನಾನು ತಿಳಿದಿದ್ದೆ. ಇವಳೂ ಎದೆಯಲ್ಲಿ ಕೆಂಡ ಇಟ್ಟುಕೊಂಡೇ ಇದ್ದಳು. ಆದರೆ ತಪ್ಪು ಕೆಂಡ. ಅಯ್ಯೋ ಪಾಪ ಎನ್ನುವವರು ಎನ್ನಲಿ. ನನಗೆ ಪಾಪ ಅನಿಸಲಿಲ್ಲ. ಇವಳನ್ನು ಹೊಡೆಯಲು ಸಾವಿಗಿಂತ ಚೆನ್ನಾದ ಕೋಲು ಕೈಗೆ ಸಿಕ್ಕಿತು ಅನಿಸಿತು. ಅದು ನಿಜ ಹೇಳುವುದು. ಆ ಹುಡುಗಿಯನ್ನು ಬದುಕಿಸಲೂ ಅದೇ ಬೇಕಿತ್ತು.

"ಕೇಳು," ಎಂದೆ. "ಅರ್ಧ ಅಲ್ಲ, ಬೆಳಗಿನವರೆಗೂ ಕೆರೆದಿದ್ರೂ ಅಕ್ಕ ಉಳೀತಿರಲಿಲ್ಲ. ಗಾಳಿ ಇದ್ರೆ ತಾನೇ ಹೊರಗೆ ಹೋಗೋಕೆ? ಅಕ್ಕನಿಗಿದ್ದದ್ದು ಇವಳಿಗಿರೋದೇ. ಇದೇ ಊತ, ಇದೇ ತಲೆನೋವು, ಇದೇ ಮಿಂಚು. ಅವತ್ತು ನರ್ಸಮ್ಮ ಬಾಗಿಲಿಗೆ ಬಂದು ಆಸ್ಪತ್ರೆಗೆ ಕಳಿಸಿ ಅಂದ್ಲಲ್ಲ, ಆಗ ಕಳಿಸಿದ್ರೆ ಒಂದು ಇಂಜೆಕ್ಷನ್, ಒಂದು ಆಪರೇಷನ್. ಅಕ್ಕ ಇರ್ತಿದ್ಲು. ನಿನ್ನ ಮೊಮ್ಮಗು ಇವತ್ತು ಸೈಕಲ್ ಹೊಡ್ಕೊಂಡು ಶಾಲೆಗೆ ಹೋಗ್ತಿತ್ತು."

ಅಜ್ಜಿ ಸೊಸೆಯ ಕತ್ತಿನ ಗೆರೆಗಳನ್ನು ನೋಡಿದಳು.

"ಹಂಗಾದ್ರೆ ನಾನು ಕೆರೆಯೋದು ಬಿಟ್ಟಿದ್ದಕ್ಕೆ ಅಲ್ಲ... ನರ್ಸನ್ನ ಕಳಿಸಿದ್ದಕ್ಕೆ?"

"ನರ್ಸನ್ನ ಕಳಿಸಿದ್ದಕ್ಕೆ."

"ಹಂಗಾದ್ರೆ ನಾನೇ ಕೊಂದ್ನಾ?"

ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ನಾನು ಓದಿದ್ದೆ, ಪರೀಕ್ಷೆ ಕಟ್ಟಿದ್ದೆ, ಈ ಊರಿಗೆ ಬಂದಿದ್ದೆ. ಆ ಮನೆಯಲ್ಲಿ ಅವತ್ತು ಭಾವನೂ ಇದ್ದ, ಅವನೂ ಬಾಯಿ ಬಿಡಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮಮ್ಮನಿಗೇ ಫೋನು ಮಾಡಿ ಕೇಳಿದ್ದರೂ ಗಾಳಿ ಎಂದೇ ಅನ್ನುತ್ತಿದ್ದಳು ಎಂಬುದೂ ಗೊತ್ತಿತ್ತು. ಅದನ್ನೆಲ್ಲ ಹೇಳಿ ಅವಳ ಹೊರೆ ಇಳಿಸಬಹುದಿತ್ತು.

"ಹೌದು," ಎಂದೆ.

ಅವಳು ಅಳಲಿಲ್ಲ. ಸೊಸೆಯ ಊದಿದ ಕೈ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ, "ಹೋಗು ಮಗಾ," ಎಂದಳು. "ಡಾಕ್ಟರಮ್ಮ ಹೇಳಿದ ಹಾಗೆ ಕೇಳು. ಹಾರ್ತೊಯೊಗೆ ನಾನು ಹೇಳ್ತೀನಿ. ಅವನು ಬೈದ್ರೆ ನನಗೆ ಬೈಲಿ."

ನಾನೂ ನಸ್ತಿತಿಯೂ ಕೆಲಸಕ್ಕಿಳಿದೆವು. ಪಂಗೇಸ್ತಿಯನ್ನು ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿ, ಫಿಟ್ಸ್ ಬಾರದಂತೆ ತಡೆಯುವ ಇಂಜೆಕ್ಷನ್ ಕೊಟ್ಟೆ, ಬಿಪಿ ಇಳಿಸುವ ಮಾತ್ರೆ ನುಂಗಿಸಿದೆ. ಮೈಯೆಲ್ಲ ಬೆಂಕಿ ಎಂದು ನರಳಿದಳು, ಆ ಮದ್ದು ಹಾಗೇ ಎಂದು ನಸ್ತಿತಿ ಹಣೆಗೆ ಒದ್ದೆ ಬಟ್ಟೆ ಇಟ್ಟಳು. ಜಿಲ್ಲಾ ಆಸ್ಪತ್ರೆಗೆ ಫೋನು ಮಾಡಿ ಹಾಸಿಗೆ ಕಾದಿರಿಸಿದೆ. ಆಂಬುಲೆನ್ಸಿನಲ್ಲಿ ನಸ್ತಿತಿಯೇ ಜೊತೆಗೆ ಹೋದಳು. ಹೊರಗಿನ ಬೆಂಚಿನವರು ಎದ್ದು ನಿಂತು ದಾರಿ ಬಿಟ್ಟರು.

ನಾನು ಒಳಗೆ ಬಂದಾಗ ಅಜ್ಜಿ ಅದೇ ಕುರ್ಚಿಯಲ್ಲಿ ಕೂತಿದ್ದಳು. ಎದ್ದು ಹೋಗಿರುತ್ತಾಳೆ ಎಂದುಕೊಂಡಿದ್ದೆ. ನಾನು ಬಿಪಿ ಮಾತ್ರೆ ತೆಗೆದು, ಲೋಟದಲ್ಲಿ ನೀರು ತಂದು ಮುಂದೆ ಹಿಡಿದೆ.

"ನನಗೆ ಬೇಡ," ಎಂದಳು.

"ನುಂಗಿ."

"ನಾನು ಸಾಯ್ಲಿ ಅಂತ ನೀನೇ ಅಂದ್ಯಲ್ಲ ಮಗಾ. ಹಂಗೇ ಆಗ್ಲಿ ಬಿಡು."

"ಅದು ಆವಾಗ ಅಂದದ್ದು ಅಜ್ಜಿ. ಈಗ ನುಂಗಿ. ನುಂಗೋವರೆಗೂ ನಾನು ಇಲ್ಲಿಂದ ಏಳಲ್ಲ, ಹೊರಗೆ ಅಷ್ಟೂ ಜನ ಕಾಯ್ತಾರೆ."

ಹೊರಗಿನವರನ್ನು ಕಾಯಿಸುವುದು ಅವಳಿಗೆ ಆಗದ ಮಾತು, ಅದು ನನಗೆ ಗೊತ್ತಿತ್ತು. ನುಂಗಿದಳು.

ಪಂಗೇಸ್ತಿಗೆ ಮರುದಿನವೇ ಆಪರೇಷನ್ ಮಾಡಿ ಮಗು ತೆಗೆದರು. ತಿಂಗಳು ತುಂಬದ, ಮೊಳದುದ್ದವೂ ಇಲ್ಲದ ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು, ಇನ್ನೇನು ಹೋಯಿತು ಎಂದು ಎರಡು ಸಲ ಹೆದರಿಸಿ, ಕೊನೆಗೆ ಗಟ್ಟಿಯಾಗಿ ಅತ್ತು ಮನೆಗೆ ಬಂತು. ತಾಯಿಯ ಊತ ಇಳಿಯಿತು. ಊರಿನವರು ನನ್ನನ್ನು ಹೊಗಳಿದರು. ಅಕ್ಕನನ್ನು ಕಳಕೊಂಡ ಮನೆಯನ್ನೇ ಕಾಪಾಡಿದಳು, ಮನಸಾರೆ ಒಪ್ಪಿಕೊಂಡವಳು ಎಂದರೆ ಇವಳು ಎಂದು ಮಸೀದಿ ಮುಂದಿನ ಚಹಾದಂಗಡಿಯಲ್ಲಿ ಮಾತಾಡಿಕೊಂಡರು. ನಾನು ಯಾರನ್ನೂ ತಿದ್ದಲಿಲ್ಲ.

ಅಜ್ಜಿ ತಿಂಗಳು ತಿಂಗಳು ಬರುತ್ತಾಳೆ. ಉಪ್ಪುಮೀನು ಬಿಡಿಸಿದೆ, ಬಿಟ್ಟಳು. ಎಲೆ ಅಡಿಕೆ ಬಿಡಿಸಿದೆ, ಬಿಟ್ಟಳು. ಬೆಳಗ್ಗೆ ಗದ್ದೆ ಬದುವಿನ ಮೇಲೆ ನಡೆಯಬೇಕು ಎಂದೆ, ನಡೆಯುತ್ತಾಳೆ. ಒಂದು ತಿಂಗಳು ತಪ್ಪಿಸಿದಾಗ ನಾನೇ ಸ್ಕೂಟರ್ ಹತ್ತಿ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಮಾತ್ರೆಯ ಹಾಳೆ ಒಡೆಯದೆ ಹಾಗೇ ಇತ್ತು. ಮಗುವನ್ನು ಪಂಗೇಸ್ತಿ ಒಳಗೆ ಕರೆದುಕೊಂಡು ಹೋದಳು.

"ಸಾಕು ಡಾಕ್ಟರಮ್ಮ," ಎಂದಳು ಅಜ್ಜಿ. "ಈ ಕೂಸು ನಕ್ಕಾಗೆಲ್ಲ ಕಿನಾಸಿ ಹೊಟ್ಟೇಲಿದ್ದ ಆ ಕೂಸು ಕಣ್ಣ ಮುಂದೆ ಬರುತ್ತೆ. ಬೆಳಗ್ಗೆ ಬರುತ್ತೆ, ಉಣ್ಣುವಾಗ ಬರುತ್ತೆ. ನನಗೆ ಆಗ್ತಿಲ್ಲ. ಈ ಮಾತ್ರೆ ಬಿಟ್ಬಿಡ್ತೀನಿ. ಬೇಗ ಹೋಗ್ತೀನಿ. ಬಿಟ್ಬಿಡು ನನ್ನ."

ನಾನು ಜಗಲಿಯಲ್ಲಿ ಅವಳ ಪಕ್ಕದಲ್ಲೇ ಕೂತೆ. ಒಂದು ಮಾತ್ರೆ ಒಡೆದು ಅವಳ ಅಂಗೈಗೆ ಹಾಕಿದೆ. ನುಂಗಿದ್ದನ್ನು ನೋಡಿದೆ. ಬಾಯಿ ತೆರೆಸಿ, ನಾಲಿಗೆ ಎತ್ತಿಸಿಯೂ ನೋಡಿದೆ. ಆಮೇಲೆ ತೋಳಿಗೆ ಪಟ್ಟಿ ಸುತ್ತಿದೆ. ಸ್ವಲ್ಪ ಏರಿತ್ತು, ಹೆಚ್ಚೇನಿಲ್ಲ. ಹೃದಯ ಸರಿಯಾಗಿ ಬಡಿಯುತ್ತಿತ್ತು.

"ಗಟ್ಟಿ ಜೀವ ಅಜ್ಜಿ ನಿಮ್ಮದು," ಎಂದೆ. ಮರ್ಯಾದೆಯಿಂದಲೇ ಹೇಳಿದೆ. "ಹೀಗೇ ಮಾತ್ರೆ ತಗೊಂಡ್ರೆ ಇನ್ನೂ ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ. ನಾನಿದೀನಲ್ಲ, ನೋಡ್ಕೋತೀನಿ."

ಅಜ್ಜಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಪಟ್ಟಿ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ, ಬರುವ ತಿಂಗಳು ಯಾವತ್ತು ಬರಬೇಕು ಎಂದು ಪಂಗೇಸ್ತಿಗೆ ಹೇಳಿ ಸ್ಕೂಟರ್ ಹತ್ತಿದೆ.